ಜೋಸ್ಟರ್ ಎಂಬ ಒಂದು ಪದ

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ನನಗೆ ಜನನಾಂಗದ ಹರ್ಪಿಸ್ ಇದೆ ಎಂದು ಖಚಿತವಾಯಿತು. ವಯಸ್ಸು ನಲವತ್ತನಾಲ್ಕು, ವಿಚ್ಛೇದಿತ, ದಿನಪತ್ರಿಕೆಯೊಂದರಲ್ಲಿ ಹಿರಿಯ ಉಪಸಂಪಾದಕ. ಇಪ್ಪತ್ತೊಂದು ವರ್ಷದಿಂದ ಬೇರೆಯವರ ತಪ್ಪು ತಿದ್ದಿ ಹೊಟ್ಟೆ ಹೊರೆಯುತ್ತಿರುವವನು.

ಶುಕ್ರವಾರ ಹುಣ್ಣಿನಿಂದ ತೆಗೆದ ಮಾದರಿಯ ವರದಿ ವೈದ್ಯೆಯ ಮೇಜಿನ ಮೇಲಿತ್ತು. ಅವರು ನನಗಿಂತ ಹತ್ತು ವರ್ಷವಾದರೂ ಚಿಕ್ಕವರು.

"ಹರ್ಪಿಸ್," ಅಂದರು.

"ಅಂದ್ರೆ ಸರ್ಪಸುತ್ತು," ಅಂದೆ. ಯಾವ ಪದ ಕೇಳಿದರೂ ಭಾಷಾಂತರ ಮಾಡಿಬಿಡುವುದು ನನ್ನ ಚಟ.

"ಅಲ್ಲ. ಸರ್ಪಸುತ್ತು ಹರ್ಪಿಸ್ ಜೋಸ್ಟರ್. ಅದು ಬೇರೆ ವೈರಸ್. ಮನೆತನ ಒಂದೇ, ಮನೆ ಬೇರೆ. ಎರಡೂ ಒಂದೇ ಅಂತ ಯಾರು ಹೇಳಿದ್ರು ನಿಮಗೆ?"

"ಪೇಪರಲ್ಲಿ ಓದಿದ ನೆನಪು."

"ಯಾವ ಪೇಪರೋ ಏನೋ. ಬರೆದೋರಿಗೆ ಮೊದಲು ಓದೋದು ಕಲಿಸ್ಬೇಕು."

ನಾನು ಪತ್ರಿಕೆಯ ಹೆಸರು ಹೇಳಲಿಲ್ಲ. ನಮ್ಮ ಕಚೇರಿಯ ಗೋಡೆಯ ಮೇಲೆ ಪದಪಟ್ಟಿಯೊಂದಿದೆ. ಯಾವ ಇಂಗ್ಲಿಷ್ ಪದಕ್ಕೆ ಯಾವ ಪದ ಬಳಸಬೇಕೆಂದು ಅದು ಹೇಳುತ್ತದೆ. "ಹ" ಅಕ್ಷರದ ಕೆಳಗೆ ಏಳನೆಯ ಸಾಲು: ಹರ್ಪಿಸ್, ಸರ್ಪಸುತ್ತು. ಪಟ್ಟಿ ತಯಾರಿಸಿದವನು ನಾನೇ.

"ಯಾರಿಂದ ಬಂತು?" ಅಂತ ಕೇಳಿದೆ.

"ಹೇಳೋಕಾಗಲ್ಲ."

"ಯಾವಾಗ?"

"ಅದೂ ಆಗಲ್ಲ. ಹೋದ ತಿಂಗಳಿರಬಹುದು, ಹತ್ತು ವರ್ಷದ ಹಿಂದೆ ಇರಬಹುದು. ನರದ ಬುಡದಲ್ಲಿ ಸದ್ದಿಲ್ಲದೆ ಕೂತಿರುತ್ತೆ."

ಯಾರು, ಏನು, ಎಲ್ಲಿ, ಯಾವಾಗ, ಹೇಗೆ ಎಂಬ ಐದಕ್ಕೂ ಉತ್ತರವಿಲ್ಲದ ಸುದ್ದಿಯನ್ನು ನಾನು ಪುಟಕ್ಕೆ ಬಿಡುವವನಲ್ಲ. ಇಲ್ಲಿ ಗ್ಯಾರಂಟಿಯಾಗಿ ಗೊತ್ತಿದ್ದದ್ದು ಏನು ಮತ್ತು ಎಲ್ಲಿ, ಎರಡೇ. ಎಲ್ಲಿ ಎಂಬುದಂತೂ ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತಿತ್ತು.

"ದಿನಕ್ಕೆ ಮೂರು ಮಾತ್ರೆ, ಹತ್ತು ದಿನ," ಅಂದರು ವೈದ್ಯೆ. "ಹುಣ್ಣು ವಾಸಿಯಾಗುತ್ತೆ, ವೈರಸ್ ಹೋಗಲ್ಲ. ಮತ್ತೆ ಬರಬಹುದು, ಆದ್ರೆ ಸಾಮಾನ್ಯವಾಗಿ ಇಷ್ಟು ಜೋರಾಗಿ ಬರಲ್ಲ. ಇದರ ಜೊತೆ ಆರಾಮಾಗಿ ಬದುಕೋರು ಬೇಕಾದಷ್ಟು ಜನ ಇದ್ದಾರೆ. ಜೊತೆಗಾರರು ಯಾರಾದ್ರೂ?"

"ಇದ್ದಾರೆ. ಎಂಟು ತಿಂಗಳಿಂದ."

"ಅವರಿಗೆ ಹೇಳಿ. ಹುಣ್ಣು ಕಾಣದೇ ಇದ್ದಾಗಲೂ ಹರಡಬಹುದು. ಕಾಂಡೋಮ್ ಅಪಾಯ ಕಮ್ಮಿ ಮಾಡುತ್ತೆ, ಪೂರ್ತಿ ತಪ್ಪಿಸಲ್ಲ. ಅವರಿಗೆ ಹೇಳೋ ಕೆಲಸ ಮಾತ್ರ ನಿಮ್ಮದೇ."

ನನ್ನ ಜೊತೆಗಾರ್ತಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ನನ್ನ ಕಣ್ಣು ಪರೀಕ್ಷಿಸುವಾಗಲೇ ಪರಿಚಯ. ಮುಂದಿನ ತಿಂಗಳಿಂದ ಇಬ್ಬರೂ ಒಂದೇ ಮನೆಯಲ್ಲಿರುವುದೆಂದು ತೀರ್ಮಾನವಾಗಿತ್ತು. ಮೊದಲ ಗಂಡನನ್ನು ಅವಳು ಬಿಟ್ಟದ್ದು ಸುಳ್ಳು ಹೇಳಿದನೆಂದು. ನಿಜ ಹೇಳಿದರೂ ಹೋಗುತ್ತಾಳೆ, ಸುಳ್ಳು ಹೇಳಿದರೂ ಹೋಗುತ್ತಾಳೆ ಎಂದುಕೊಂಡೆ. ಹಾಗಾಗಿ ಏನೂ ಹೇಳದಿರುವ ಮೂರನೆಯ ದಾರಿ ಹಿಡಿದೆ. ಗಡುವು ಮೀರಿದ ವರದಿಗಾರರೆಲ್ಲ ಹಿಡಿಯುವ ದಾರಿ ಅದು, ನಾನು ಅವರನ್ನು ಬೈಯುತ್ತಿದ್ದದ್ದೂ ಅದಕ್ಕೇ.

ಮಧ್ಯಾಹ್ನ ಕಚೇರಿಯಲ್ಲಿ ನಿಂತೇ ಕೆಲಸ ಮಾಡಿದೆ. ಸುದ್ದಿ ಸಂಪಾದಕರು ಬಳಿಗೆ ಬಂದು, "ಮೂಲವ್ಯಾಧಿನಾ?" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಮುದ್ರಣ ವಿಭಾಗದವರೆಗೂ ಕೇಳುತ್ತದೆ. ಅನಧಿಕೃತ ಸುದ್ದಿಯನ್ನು ಎಂದೂ ದೃಢಪಡಿಸದ ನಾನು, "ಹೌದು ಸಾರ್," ಅಂದೆ. ಸಂಜೆಯೊಳಗೆ ಕ್ರೀಡಾಪುಟದವನು ನಡುವೆ ತೂತಿರುವ ದಿಂಬು ತಂದುಕೊಟ್ಟ, ಇಬ್ಬರು ತಮ್ಮ ತಮ್ಮ ಆಪರೇಷನ್ ಕಥೆ ಹೇಳಿದರು. ಮೂಲವ್ಯಾಧಿಗೆ ನಮ್ಮ ಕಚೇರಿಯಲ್ಲಿ ಇಷ್ಟು ಮರ್ಯಾದೆ ಇದೆಯೆಂದು ಅಂದೇ ತಿಳಿದದ್ದು.

ಮನೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ನಾನಿರುವುದು ಅಕ್ಕನ ಮನೆಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವುದನ್ನು ಅವಳು ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ಏನೋ ಅದು ನಡಿಗೆ?"

"ಸರ್ಪಸುತ್ತು," ಅಂದೆ. ನಾಲಿಗೆಯ ಮೇಲೆ ಸಿದ್ಧವಾಗಿತ್ತು.

ಅಕ್ಕನ ಮುಖ ಅರಳಿತು. ಮೂರು ವರ್ಷದ ಹಿಂದೆ ಅವಳಿಗೆ ಪಕ್ಕೆಯಲ್ಲಿ ಸರ್ಪಸುತ್ತಾಗಿತ್ತು. ಅಂದಿನಿಂದ ಆ ವಿಷಯದಲ್ಲಿ ನಮ್ಮ ಬೀದಿಗೆ ಅವಳೇ ತಜ್ಞೆ.

"ಎಲ್ಲಿ?"

"ಸೊಂಟದಲ್ಲಿ."

"ತೋರಿಸು."

"ಸೊಂಟದ ಕೆಳಗೆ."

"ಎಷ್ಟು ಕೆಳಗೆ?"

"ಅಕ್ಕಾ, ನನಗೆ ನಲವತ್ತನಾಲ್ಕು."

"ನಿನ್ನ ವಯಸ್ಸು ಯಾರು ಕೇಳಿದ್ರು? ಎಡಗಡೆಯೋ ಬಲಗಡೆಯೋ?"

"ನಡುವೆ."

"ಸರ್ಪಸುತ್ತು ನಡುವೆ ಬರಲ್ಲ ಕಣೋ. ಒಂದು ಪಕ್ಕಕ್ಕೆ ಬರುತ್ತೆ."

"ನನಗೆ ಹಾಗೇ ಬಂದಿದೆ," ಎಂದು ಬಾಗಿಲು ಹಾಕಿಕೊಂಡೆ.

ಬುಧವಾರ ಬೆಳಿಗ್ಗೆ ಜೊತೆಗಾರ್ತಿಯ ಸಂದೇಶ ಬಂತು: "ಸರ್ಪಸುತ್ತಂತೆ, ಅಕ್ಕ ಫೋನ್ ಮಾಡಿದ್ರು. ನನಗ್ಯಾಕೆ ಹೇಳಲಿಲ್ಲ? ಭಾನುವಾರ ಬರ್ತೀನಿ." ಹೀಗೆ ನಾನು ಬಾಯಿ ಬಿಡದೆಯೇ ಅವಳಿಗೆ ಸುಳ್ಳು ಹೇಳಿಯಾಗಿತ್ತು. ಉತ್ತರವಾಗಿ ಒಂದು ಕೈಮುಗಿದ ಚಿತ್ರ ಕಳಿಸಿದೆ. ಅದಕ್ಕೆ ಅರ್ಥ ಏನೆಂದು ನನಗೂ ಗೊತ್ತಿರಲಿಲ್ಲ.

ಮುಂದಿನ ಮೂರು ದಿನ ಸ್ನಾನದ ಮನೆಯಲ್ಲಿ ಭಾಷಣ ಅಭ್ಯಾಸ ಮಾಡಿದೆ. ಮೊದಲ ಕರಡು "ನಿಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಶುರುವಾಗಿ ನೀರು ಸರಬರಾಜು ಇಲಾಖೆಯ ಪ್ರಕಟಣೆಯಂತಿತ್ತು. ಎರಡನೆಯದರಲ್ಲಿ ವೈರಸ್ಸಿನ ಇತಿಹಾಸ ಬಂತು. ಮೂರನೆಯದರಲ್ಲಿ ನಾನೇ ಅತ್ತುಬಿಟ್ಟೆ. ಹುಣ್ಣಿನ ಮೇಲೆ ನೀರು ಬಿದ್ದು ಉರಿಯುತ್ತಿದ್ದದ್ದರಿಂದ ಅತ್ತದ್ದು ಯಾವುದಕ್ಕೆ ಎಂದು ಖಚಿತವಾಗಿ ಹೇಳಲಾರೆ.

ಭಾನುವಾರ ನಾಲ್ಕಕ್ಕೆ ಅವಳು ಬಂದಳು. ಕೆಳಗೆ ಅಕ್ಕನ ಜೊತೆ ಹತ್ತು ನಿಮಿಷ ಮಾತಾಡಿ ಮೇಲೆ ಬಂದು, ಕೈಚೀಲದಿಂದ ಹಳದಿ ತಿರುಗಿದ ಪತ್ರಿಕೆಯ ತುಣುಕೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮ ಪೇಪರಿಂದೇ. ಅಕ್ಕ ತಮಗೆ ಬಂದಾಗ ಕತ್ತರಿಸಿ ಇಟ್ಕೊಂಡಿದ್ರಂತೆ. ಓದಿ."

"ನೀವೇ ಓದಿ."

ಓದಿದಳು: "ಹರ್ಪಿಸ್ ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆಯಲ್ಲ. ರೋಗಿಯ ಸಂಗಾತಿ ಭಯಪಡುವ ಅಗತ್ಯವಿಲ್ಲ." ತಲೆ ಎತ್ತಿದಳು. "ಹಾಗಾದ್ರೆ ನಾನು ಭಯಪಡ್ಬೇಕಿಲ್ಲ ಅಲ್ವಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಚ್ಚಾದ ಸಾಕ್ಷಿಯೇ ನನ್ನ ಕಡೆಗಿತ್ತು. ಆದರೆ ಆ ಲೇಖನ ನನಗೆ ನೆನಪಾಯಿತು. ಬರೆದ ವೈದ್ಯರು "ಹರ್ಪಿಸ್ ಜೋಸ್ಟರ್" ಎಂದೇ ಬರೆದಿದ್ದರು. ಪುಟದಲ್ಲಿ ಒಂದು ಸಾಲು ಹೆಚ್ಚಾಗಿತ್ತು. ಜೋಸ್ಟರ್ ಎಂದರೆ ಓದುಗರಿಗೆ ಏನು ಅರ್ಥವಾಗುತ್ತದೆ ಎಂದು ನಾನು ಅದನ್ನು ಎಲ್ಲ ಕಡೆ ಹೊಡೆದು ಹಾಕಿದೆ. ಒಂದು ಸಾಲಿನ ಜಾಗ ಉಳಿಯಿತು. ಆಮೇಲೆ ಪದಪಟ್ಟಿಗೂ ಹಾಗೇ ಸೇರಿಸಿದೆ.

ಜೇಬಿನಿಂದ ಕೆಂಪು ಪೆನ್ನು ತೆಗೆದು, ಹರ್ಪಿಸ್ ಪದದ ಮುಂದೆ ಗುರುತು ಹಾಕಿ, ಅಂಚಿನಲ್ಲಿ "ಜೋಸ್ಟರ್" ಎಂದು ಬರೆದೆ.

"ಇಲ್ಲೊಂದು ಪದ ಬಿಟ್ಟುಹೋಗಿದೆ," ಅಂದೆ.

"ಯಾರು ಬಿಟ್ಟಿದ್ದು?"

"ನಾನು. ಜಾಗ ಇರಲಿಲ್ಲ."

"ಆ ಪದ ಇದ್ರೆ?"

"ಇದ್ರೆ ಸರ್ಪಸುತ್ತು. ಇಲ್ಲದಿದ್ರೆ ಇನ್ನೊಂದು."

"ನಿಮಗಿರೋದು?"

"ಇನ್ನೊಂದು."

ಅವಳು ಕನ್ನಡಕ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡಳು.

"ರೀ, ಹರ್ಪಿಸ್ ಅಂದ್ರೇನು ಅಂತ ನನಗೆ ಗೊತ್ತು. ಅದು ಕಣ್ಣಿಗೂ ಬರುತ್ತೆ. ಅಂಗಡಿಗೆ ಬಂದೋರನ್ನ ಆಸ್ಪತ್ರೆಗೆ ಕಳಿಸೋದು ನಾನೇ. ಸರ್ಪಸುತ್ತು ನಡುವೆ ಬಂದಿದೆ ಅಂತ ಅಕ್ಕ ಫೋನಲ್ಲಿ ಹೇಳಿದಾಗಲೇ ಅನುಮಾನ ಬಂತು. ಈ ಲೇಖನ ತಪ್ಪು ಅಂತ ಈಗ ಕೆಳಗೆ ನೋಡ್ತಿದ್ದ ಹಾಗೇ ಗೊತ್ತಾಯ್ತು. ನಿಮಗೆ ಕಾಣುತ್ತಾ ಅಂತ ನೋಡೋಕೆ ಮೇಲೆ ತಂದೆ."

"ಕಂಡಿತು."

"ಮಂಗಳವಾರದಿಂದ ಭಾನುವಾರ. ಆರು ದಿನ ಬೇಕಾಯ್ತಾ ಕಾಣೋಕೆ?"

"ಐದು," ಅಂದೆ. ಅಂಥ ಹೊತ್ತಲ್ಲೂ ತಿದ್ದಿದೆ.

ಅವಳು ನನ್ನನ್ನೇ ನೋಡಿದಳು. ನಕ್ಕಳೆಂದು ಬರೆಯಬಹುದಿತ್ತು, ಆದರೆ ನಗಲಿಲ್ಲ.

"ನನ್ನಿಂದ ಬಂದಿರಬಹುದಾ?"

"ಇರಬಹುದು. ನನ್ನಿಂದ ನಿಮಗೆ ಬಂದಿರಲೂಬಹುದು. ಮೊದಲು ಯಾರಿಗೆ ಅಂತ ಡಾಕ್ಟರಿಗೂ ಹೇಳೋಕಾಗಲ್ಲವಂತೆ."

"ಕಾಯಿಲೆ ಇರ್ಲಿ ಬಿಡಿ. ಅದು ಯಾರಿಗಾದ್ರೂ ಬರಬಹುದು. ಅಕ್ಕನ ಬಾಯಲ್ಲಿ ನನಗೆ ಸುಳ್ಳು ಹೇಳ್ಸಿದ್ರಲ್ಲ, ಅದಕ್ಕೇನು ಮಾತ್ರೆ ಇದೆ?"

ಮೂರು ಕರಡುಗಳಲ್ಲಿ ಒಂದರಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

"ನಾನೂ ಡಾಕ್ಟರಿಗೆ ತೋರಿಸ್ಕೋತೀನಿ," ಅಂದಳು. "ಮನೆ ವಿಷಯ ಅದಾದ ಮೇಲೆ. ಅಲ್ಲಿವರೆಗೂ ಫೋನ್ ಮಾಡ್ಬೇಡಿ."

ಅವಳು ಹೋದ ಮೇಲೆ ಕೆಳಗಿಳಿದು ಅಕ್ಕನಿಗೂ ನಿಜ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಏನೋ ಒಂದು ಅಂತ ಗೊತ್ತಿತ್ತು. ಸರ್ಪಸುತ್ತಾದೋರು ಬಾತುಕೋಳಿ ಹಾಗೆ ನಡೆಯಲ್ಲ. ಆ ಹುಡುಗಿನ ಕಳ್ಕೊಂಡ್ರೆ ಮಾತ್ರ ನೀನು ಈ ಮೆಟ್ಟಿಲು ಹತ್ತಬೇಡ," ಅಂದಳು. ಆ ಹುಡುಗಿಗೆ ನಲವತ್ತೊಂದು. ಈ ಸಲ ತಿದ್ದಲಿಲ್ಲ.

ಸೋಮವಾರ ಪದಪಟ್ಟಿಯ ಏಳನೆಯ ಸಾಲನ್ನು ಬದಲಿಸಿದೆ. ಯಾಕೆಂದು ಸುದ್ದಿ ಸಂಪಾದಕರು ಕೇಳಿದರು. ಓದುಗರೊಬ್ಬರು ಗಮನಕ್ಕೆ ತಂದರು ಅಂದೆ. "ದಿಂಬು ಅನುಕೂಲ ಆಯ್ತಾ?" ಎಂದೂ ಕೇಳಿದರು. ಆಯ್ತು ಅಂದೆ. ಅದು ನಿಜವೇ.

ಸೋಮವಾರ, ಮಂಗಳವಾರ ಅವಳಿಂದ ಏನೂ ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಮಾಡದೆ ಇರುವುದಕ್ಕೆ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಜೇಬಿನಲ್ಲೇ ಇದ್ದದ್ದರಿಂದ ದಿನಕ್ಕೆ ಹನ್ನೆರಡು ಸಲ ಬೀರು ತೆಗೆದೆ. ಬುಧವಾರ ಮಧ್ಯಾಹ್ನ ಎರಡು ಸಾಲು ಬಂತು: "ಆ ಡಾಕ್ಟರ ವಿಳಾಸ ಕಳಿಸಿ. ನಾಳೆ ನಾಲ್ಕಕ್ಕೆ ನೀವೂ ಬನ್ನಿ."

ಗುರುವಾರ ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಅಲ್ಲಿದ್ದೆ. ಅವಳು ಬಂದಳು. ಹೊರಗಿನ ಬೆಂಚು ತೋರಿಸಿ ಕೂರಲು ಹೇಳಿ, ಒಬ್ಬಳೇ ಒಳಗೆ ಹೋದಳು. ಇಪ್ಪತ್ತೈದು ನಿಮಿಷದ ಮೇಲೆ ಬಾಗಿಲು ಅರ್ಧ ತೆರೆದು, "ಒಳಗೆ ಬನ್ನಿ, ಇಬ್ಬರಿಗೂ ಒಟ್ಟಿಗೇ ಹೇಳ್ತಾರಂತೆ," ಅಂದಳು. ನಾನು ಎದ್ದು ಒಳಗೆ ಹೋದೆ.