ಬೊಂಬಾಯಿಗೆ ಹೋದ ನೀರುನಾಯಿ

"ಬಾಗಿಲು ಹಾಕಿಯೇ ಇರಲಿ," ಎಂದು ಹರಿಣಾಕ್ಷಿಯ ಅಪ್ಪ ಅಣ್ಣು ಒಳಗಿನಿಂದ ಕೂಗಿ ಹೇಳಿದ. "ಮಕ್ಕಳು ಈ ಕಡೆ ಬರುವುದು ಬೇಡ."

ಹರಿಣಾಕ್ಷಿ ಕಾಲಿನಲ್ಲೇ ಬಾಗಿಲು ದೂಡಿ ಮುಚ್ಚಿದಳು. ಅವಳ ಕೈಯಲ್ಲಿ ಒಂದು ಸಿನಿಮಾದ ಎರಡು ಸಿಡಿಗಳಿದ್ದವು. ಮಣಿಪಾಲದಲ್ಲಿ ಅವಳು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಸಿಡಿ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಹಾಸ್ಟೆಲ್ ಹುಡುಗರು ತೆಗೆದುಕೊಂಡು ಹೋಗುವ ಹೊಡೆದಾಟದ ಚಿತ್ರಗಳ ಅಡಿಯಲ್ಲಿ ಇದು ಬಿದ್ದಿತ್ತು. ರಟ್ಟಿನ ಮೇಲೆ ಹೊಟ್ಟೆ ಮೇಲಾಗಿ ತೇಲುವ ಒಂದು ನೀರುನಾಯಿ, ಅದರ ಹೊಟ್ಟೆಯ ಮೇಲೆ ಮರಿ. ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತ್ತು. "ಇದು ತುಂಬಾ ಹಳೆಯದು ಮೇಡಂ, ಯಾರೂ ಕೇಳುವುದಿಲ್ಲ," ಎಂದಿದ್ದ ಅಂಗಡಿಯವನು. "ನಾನು ಕೇಳ್ತಾ ಇದ್ದೇನಲ್ಲ ಮಾರಾಯ," ಎಂದು ಅವಳು ಚೀಲಕ್ಕೆ ಹಾಕಿಕೊಂಡಿದ್ದಳು.

ಮಕ್ಕಳನ್ನು ಒಂದು ಗಂಟೆಯಾದರೂ ಚಾವಡಿಯಲ್ಲಿ ಕೂರಿಸಿಕೊಳ್ಳಬೇಕಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ ಅದು. ಪ್ರತಿ ವರ್ಷ ಆ ಮನೆಯಲ್ಲಿ ಒಂದೇ ಎಲೆ, ಅಣ್ಣುವಿನ ಹೆಂಡತಿಗೆ. ಈ ವರ್ಷ ಎರಡು. ಎರಡನೆಯದು ಹರಿಣಾಕ್ಷಿಯ ಅಕ್ಕ ಮನೋರಮಾಳಿಗೆ. ಚಾವಡಿಯಲ್ಲಿ ಟೀವಿಯ ಮುಂದೆ ಚಾಪೆ ಹಾಸಿ ಕುಳಿತಿದ್ದ ಆಶ್ರಿತಾ ಮತ್ತು ಜಿತೇಶ್ ಮನೋರಮಾಳ ಮಕ್ಕಳು. ತಾಯಿ ಸತ್ತಿದ್ದಾಳೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೇಸಗೆಯಲ್ಲಿ ಮನೋರಮಾ ಆಸ್ಪತ್ರೆ ಸೇರಿದಾಗ ಮಕ್ಕಳನ್ನು ಬಜಗೋಳಿಯ ಅತ್ತೆಯ ಮನೆಗೆ ಕಳುಹಿಸಿದ್ದರು. ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದ ಮೇಲೆ ಕಾಪುವಿಗೆ ಕರೆದುಕೊಂಡು ಬಂದರು. ಬಸ್ಸಿಳಿದ ಕೂಡಲೇ ಆಶ್ರಿತಾ "ಅಮ್ಮ ಎಲ್ಲಿ?" ಎಂದಳು. "ಮಸ್ಕತ್‌ಗೆ ಹೋದಳು, ನಿನ್ನ ಅಪ್ಪನ ಹತ್ತಿರ," ಎಂದು ಹರಿಣಾಕ್ಷಿಯ ಬಾಯಿಂದ ಬಂದುಬಿಟ್ಟಿತು. ಅವಳು ಯೋಚಿಸಿ ಹೇಳಿದ್ದಲ್ಲ. ಆದರೆ ಅಣ್ಣುವಿಗೆ ಅದೇ ಸರಿ ಎನಿಸಿತು. ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಹೇಳಿದರಾಯಿತು ಎಂದ. ಮಸ್ಕತ್‌ಗೆ ಮರಳಿದ್ದ ಮಕ್ಕಳ ಅಪ್ಪನೂ ಒಪ್ಪಿದ. ಪ್ರತಿ ಶುಕ್ರವಾರ ಅವನು ಫೋನು ಮಾಡುವಾಗ ಅಮ್ಮ ಸ್ನಾನಕ್ಕೆ ಹೋಗಿರುತ್ತಿದ್ದಳು. "ಅಮ್ಮನಿಗೆ ಅಲ್ಲಿ ಬೇರೆ ಕೆಲಸವೇ ಇಲ್ವಾ?" ಎಂದು ಜಿತೇಶ್ ಒಮ್ಮೆ ಕೇಳಿದ. ಎಲ್ಲರೂ ನಕ್ಕಿದ್ದರು, ಆಶ್ರಿತಾ ಒಬ್ಬಳನ್ನು ಬಿಟ್ಟು.

ಸಿಡಿ ಒಳಗೆ ಹೋಗಿ ಗುರ್ರೆಂದಿತು. ಪರದೆಯ ಮೇಲೆ ಹೊಳೆ ಹರಿಯಿತು.

"ಇದು ನಾಯಿಯಾ, ಮುಂಗುಸಿಯಾ?" ಎಂದ ಜಿತೇಶ್. ಅವನಿಗೆ ಐದು ವರ್ಷ.

"ನೀರುನಾಯಿ. ನಮ್ಮ ಪಾಂಗಾಳ ಹೊಳೆಯಲ್ಲಿಯೂ ಉಂಟು."

"ಕಚ್ಚುತ್ತದಾ?"

"ನೀನು ಸುಮ್ಮನೆ ಕೂತರೆ ಕಚ್ಚುವುದಿಲ್ಲ."

ಹರಿಣಾಕ್ಷಿ ಈ ಸಿನಿಮಾವನ್ನು ಮೊದಲು ನೋಡಿದ್ದು ಪಕ್ಕದ ಆಲಿಸ್ ಬಾಯಿಯ ಮನೆಯಲ್ಲಿ. ಆಕೆಯ ಮಗ ಬಹರೈನ್‌ನಿಂದ ವಿಸಿಆರ್ ತಂದಿದ್ದ, ಅದರ ಜೊತೆಗೆ ಮಕ್ಕಳ ಸಿನಿಮಾ ಎಂದರೆ ಈ ಒಂದೇ ಕ್ಯಾಸೆಟ್. ಕೇರಿಯ ಮಕ್ಕಳೆಲ್ಲ ಅದನ್ನೇ ಮತ್ತೆ ಮತ್ತೆ ನೋಡಿದರು. ಮಾತು ಪೂರ್ತಿ ಇಂಗ್ಲಿಷ್. ಹರಿಣಾಕ್ಷಿ ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಮನೋರಮಾ ತಂಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಕಿವಿಯ ಹತ್ತಿರ ಬಾಯಿ ಇಟ್ಟು, ನೀರುನಾಯಿಗಳು ಹೇಳುವುದನ್ನೆಲ್ಲ ತುಳುವಿನಲ್ಲಿ ಹೇಳುತ್ತಿದ್ದಳು. ಮರಿ ಮೀನು ಹಿಡಿಯಲು ಕಲಿಯುತ್ತದೆ. ತಾಯಿ ಕೆಲಸಕ್ಕೆಂದು ಬೊಂಬಾಯಿಗೆ ಹೋಗುತ್ತಾಳೆ. ಮರಿ ಕಷ್ಟಪಟ್ಟು ದೊಡ್ಡದಾಗುತ್ತದೆ. ಕಡೆಗೆ ತಾಯಿ ವಾಪಸು ಬರುತ್ತಾಳೆ. ಅಣ್ಣು ಆಗ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ನೀರುನಾಯಿಯೂ ಅಲ್ಲಿಗೇ ಹೋದದ್ದರಲ್ಲಿ ಹರಿಣಾಕ್ಷಿಗೆ ವಿಶೇಷವೇನೂ ಕಂಡಿರಲಿಲ್ಲ.

ಒಳಗಿನಿಂದ ಕೋಳಿ ಸಾರಿನ ವಾಸನೆ ಬಂತು. ಅದರ ಹಿಂದೆಯೇ ಕೊತ್ತಂಬರಿ ಸೊಪ್ಪಿನದು. ಅಣ್ಣು ಯಾವ ಅಡುಗೆಯನ್ನೂ ಸೊಪ್ಪು ಉದುರಿಸದೆ ಇಳಿಸುತ್ತಿರಲಿಲ್ಲ. ಕ್ಯಾಂಟೀನು ಬಿಟ್ಟು ಬಂದರೂ ಆ ಅಭ್ಯಾಸ ಕೈ ಬಿಟ್ಟಿರಲಿಲ್ಲ.

"ಅಜ್ಜ ಯಾರಿಗೆ ಅಡುಗೆ ಮಾಡುವುದು?" ಎಂದಳು ಆಶ್ರಿತಾ, ಟೀವಿಯಿಂದ ಕಣ್ಣು ತೆಗೆಯದೆ.

"ಅಜ್ಜಿಗೆ. ಪ್ರತಿ ವರ್ಷ ಬಡಿಸುತ್ತೇವಲ್ಲ."

"ಹೋದ ವರ್ಷ ನಾವು ಒಳಗೆ ಕೂತಿದ್ದೆವು."

"ಈ ವರ್ಷ ಸಿನಿಮಾ ಉಂಟು. ನೋಡು, ನೋಡು, ಈಗ ಚಂದ ಬರುತ್ತದೆ."

ಪರದೆಯ ಮೇಲೆ ಹೊಳೆಯ ಅಂಚು ಕತ್ತಲಾಯಿತು. ತಾಯಿ ನೀರುನಾಯಿ ಮರಿಯನ್ನು ಬೇರಿನ ಕೆಳಗೆ ಅಡಗಿಸಿ ತಾನೊಂದೇ ಈಜಿಕೊಂಡು ಹೋಯಿತು. ಹರಿಣಾಕ್ಷಿ ಜಿತೇಶನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಈಗ ಅದರ ಅಮ್ಮ ಬೊಂಬಾಯಿಗೆ ಹೊರಟಳು," ಎಂದಳು. "ಬಸ್ಸು ತಪ್ಪುತ್ತದೆ ಅಂತ ಅವಸರ." ಸಿನಿಮಾದಲ್ಲಿ ಎಲ್ಲೋ ಕಬ್ಬಿಣದ ಬಾಗಿಲು ಮುಚ್ಚಿದಂತೆ ಸದ್ದಾಯಿತು. ಮರಿ ಕಾಯಿತು. ಒಂದು ಮುದಿ ಕೊಕ್ಕರೆ ಬಂದು ಮರಿಯ ಮುಂದೆ ನಿಂತು ಏನೋ ಹೇಳಿತು. "ಅಮ್ಮ ಬೊಂಬಾಯಿ ಮುಟ್ಟಿದಳಂತೆ, ನೀನು ಹುಷಾರಾಗಿರಬೇಕಂತೆ."

"ಚಿಕ್ಕಮ್ಮ, ಅದು ಹಾಗೆ ಹೇಳಲಿಲ್ಲ," ಎಂದಳು ಆಶ್ರಿತಾ.

"ಎಂತ?"

"ಅದು ಬೊಂಬಾಯಿ ಅಂತ ಹೇಳಲೇ ಇಲ್ಲ."

"ನೀನು ಹುಟ್ಟುವ ಮೊದಲೇ ನಾನು ಈ ಸಿನಿಮಾ ಬಾಯಿಪಾಠ ಮಾಡಿದ್ದೇನೆ. ನನಗೆ ಕಲಿಸಬೇಡ."

"ಡೆಡ್ ಅಂತ ಹೇಳಿತು."

ಆಶ್ರಿತಾ ಇಂಗ್ಲಿಷ್ ಮೀಡಿಯಮ್ಮಿನ ಮೂರನೇ ಕ್ಲಾಸು. ಎಲ್ಲದಕ್ಕೂ ತಿದ್ದುವ ಅಭ್ಯಾಸ ಅವಳಿಗಿತ್ತು. ಹರಿಣಾಕ್ಷಿಗೆ ಸಿಟ್ಟು ಬಂತು. ರಿಮೋಟ್ ಎತ್ತಿಕೊಂಡು ಹಿಂದಕ್ಕೆ ಓಡಿಸಿದಳು. ಕೊಕ್ಕರೆ ಹಿಮ್ಮುಖವಾಗಿ ಹಾರಿ ಹೋಯಿತು. "ಈಗ ಸರಿಯಾಗಿ ಕೇಳು," ಎಂದು ಧ್ವನಿ ಜೋರು ಮಾಡಿದಳು.

ಕೊಕ್ಕರೆ ಮತ್ತೆ ಬಂದು ನಿಂತಿತು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿತು. ನಿನ್ನ ತಾಯಿ ಬೋನಿಗೆ ಸಿಕ್ಕಿ ಸತ್ತಳು. ಇನ್ನು ನಿನ್ನ ಮೀನು ನೀನೇ ಹಿಡಿಯಬೇಕು. ಅಷ್ಟು ಇಂಗ್ಲಿಷ್ ಹರಿಣಾಕ್ಷಿಗೂ ತಿಳಿಯುತ್ತಿತ್ತು. ಹಾಗಾದರೆ ಸಿನಿಮಾದ ಕೊನೆಯಲ್ಲಿ ಬಂದದ್ದು ಯಾರು ಎಂಬುದೇ ಅವಳಿಗೆ ಮೊದಲು ಹೊಳೆದದ್ದು. ಬೇರೆ ಯಾವುದೋ ನೀರುನಾಯಿ ಇರಬೇಕು. ಮರಿ ದೊಡ್ಡದಾದ ಮೇಲೆ ಸಿಕ್ಕಿದ ಜೊತೆ. ಎಲ್ಲವೂ ಒಂದೇ ಥರ ಇರುತ್ತವೆ. ಅಕ್ಕ ಅದನ್ನೇ ಅಮ್ಮ ಎಂದು ತೋರಿಸಿದ್ದಳು.

ಅಷ್ಟರಲ್ಲಿ ಮೊದಲನೇ ಸಿಡಿ ಮುಗಿಯಿತು. ಪರದೆ ನೀಲಿಯಾಯಿತು.

"ನಿಮಗೆ ಬೊಂಬಾಯಿ ಅಂತ ಯಾರು ಹೇಳಿದ್ದು?" ಎಂದಳು ಆಶ್ರಿತಾ.

"ನಿನ್ನ ಅಮ್ಮ."

ಆಶ್ರಿತಾ ಚಾಪೆಯ ಒಂದು ಕಡ್ಡಿ ಕಿತ್ತು ಮುರಿದಳು. ಇನ್ನೊಂದು ಕಿತ್ತಳು.

"ಮಸ್ಕತ್ ಸಹ ಬೊಂಬಾಯಿ ಹಾಗೆಯಾ, ಚಿಕ್ಕಮ್ಮ?"

ಹರಿಣಾಕ್ಷಿಯ ಕೈಯಲ್ಲಿ ರಿಮೋಟ್ ಇತ್ತು. ಒಳಗೆ ಅಣ್ಣು ಎಲೆಗೆ ನೀರು ಚಿಮುಕಿಸುವುದು, ಸೌಟು ಪಾತ್ರೆಗೆ ತಾಗುವುದು ಕೇಳುತ್ತಿತ್ತು. ಇಲ್ಲ ಎಂದು ಹೇಳಬಹುದಿತ್ತು. ಶುಕ್ರವಾರ ಅಪ್ಪ ಫೋನು ಮಾಡುತ್ತಾನೆ, ಅಮ್ಮ ಸ್ನಾನಕ್ಕೆ ಹೋಗಿರುತ್ತಾಳೆ. ಅವಳು ಆಶ್ರಿತಾಳ ಮುಖ ನೋಡಿದಳು. ಹುಡುಗಿ ಅಳುತ್ತಿರಲಿಲ್ಲ. ಲೆಕ್ಕದ ಉತ್ತರ ಸರಿಯೋ ತಪ್ಪೋ ಎಂದು ಟೀಚರ ಮುಂದೆ ನಿಂತವಳ ಹಾಗೆ ನೋಡುತ್ತಿದ್ದಳು.

"ಹೌದು," ಎಂದಳು ಹರಿಣಾಕ್ಷಿ. "ಹಾಗೆಯೇ."

"ಯಾವಾಗ?"

"ನೀವು ಬಜಗೋಳಿಯಲ್ಲಿ ಇದ್ದಾಗ."

"ನನಗೆ ಅನಿಸಿತ್ತು," ಎಂದಳು ಆಶ್ರಿತಾ. "ಅಮ್ಮನ ಚಪ್ಪಲಿ ಎಲ್ಲ ಇಲ್ಲೇ ಉಂಟು."

ಜಿತೇಶ್ ಇಬ್ಬರನ್ನೂ ನೋಡಿದ. "ಎರಡನೇ ಸಿಡಿ ಹಾಕು," ಎಂದ. ಯಾರೂ ಏಳದಿದ್ದಾಗ ತಾನೇ ಎದ್ದು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡ.

ಅಣ್ಣು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಬಡಿಸಿ ಆದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಕಾಯುವುದು ಕ್ರಮ. ಸತ್ತವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು. ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ನೀಲಿ ಪರದೆಯನ್ನು ನೋಡಿದ.

"ಎಂತ, ಕರೆಂಟು ಹೋಯಿತಾ?"

"ಕರೆಂಟು ಹೋದರೆ ಟೀವಿ ನೀಲಿ ಆಗುವುದಾ ಅಜ್ಜ?" ಎಂದ ಜಿತೇಶ್.

"ಅಜ್ಜ," ಎಂದಳು ಆಶ್ರಿತಾ. "ಎಷ್ಟು ಎಲೆ ಹಾಕಿದ್ದೀರಿ?"

ಅಣ್ಣು ಹರಿಣಾಕ್ಷಿಯ ಕಡೆ ತಿರುಗಿದ. ಅವಳು ತಲೆ ತಗ್ಗಿಸಲಿಲ್ಲ. "ಕೇಳಿದಳು. ಹೇಳಿದೆ," ಎಂದಳು.

ಅಣ್ಣು ಬಾಯಿ ತೆರೆದ, ಬೈಯುವ ಹಾಗೆ. ಆಮೇಲೆ ಬೆಂಚಿನ ಮೇಲೆ ಕುಳಿತು, ಬೈರಾಸನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. "ಎರಡು," ಎಂದ.

"ಅಮ್ಮನ ಎಲೆಗೆ ಕೊತ್ತಂಬರಿ ಹಾಕಿದ್ದೀರಾ?"

ಅವನು ತನ್ನ ಕೈಯನ್ನು ನೋಡಿಕೊಂಡ. ಬೆರಳಿಗೆ ಇನ್ನೂ ಹಸಿರು ಅಂಟಿತ್ತು.

"ಸಾರಿಗೆ ಹಾಕಿದೆ. ಕೈಯೇ ಹಾಕಿಬಿಟ್ಟಿತು ಮಗಾ."

"ಅಮ್ಮ ತಿನ್ನುವುದಿಲ್ಲ ಅಲ್ವಾ. ನಿಮಗೆ ಗೊತ್ತುಂಟು."

ಆಶ್ರಿತಾ ಎದ್ದು ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. "ಈಗ ತೆರೆಯಬಾರದು. ಅವರು ಉಣ್ಣುವ ಹೊತ್ತು," ಎಂದ ಅಣ್ಣು. ಆದರೆ ಕುಳಿತಲ್ಲಿಂದ ಏಳಲಿಲ್ಲ. ಹರಿಣಾಕ್ಷಿಯೂ ತಡೆಯಲಿಲ್ಲ.

ಒಳಗೆ ದೀಪದ ಮುಂದೆ ಎರಡು ಎಲೆಗಳಿದ್ದವು. ಎರಡರಲ್ಲಿಯೂ ರೊಟ್ಟಿ, ಕೋಳಿ ಸಾರು. ಒಂದರಲ್ಲಿ ಮಾತ್ರ ಒಣಮೀನಿನ ಚಟ್ನಿ ಇತ್ತು. ಅಮ್ಮನದು ಯಾವುದು ಎಂದು ಆಶ್ರಿತಾ ಕೇಳಲಿಲ್ಲ. ಆ ಎಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಬಿಸಿ ಸಾರಿಗೆ ಬೆರಳು ಹಾಕಿ, ಊದಿಕೊಂಡು, ಮತ್ತೆ ಹಾಕಿದಳು.

"ಆಮೇಲೆ ನನ್ನದರಲ್ಲಿಯೂ ತೆಗೆಯಬೇಕು," ಎಂದ ಜಿತೇಶ್, ಹೊಸ್ತಿಲಲ್ಲಿ ನಿಂತು.

ಅವಳು ತಲೆ ಎತ್ತಲಿಲ್ಲ. ಒಂದೊಂದೇ ಸೊಪ್ಪನ್ನು ಹೆಕ್ಕಿ ಎಲೆಯ ಅಂಚಿನಲ್ಲಿ, ಬಲಗಡೆಗೆ, ಸಣ್ಣದಾಗಿ ಗುಡ್ಡೆ ಹಾಕುತ್ತಾ ಹೋದಳು, ಮನೋರಮಾ ಊಟಕ್ಕೆ ಕುಳಿತಾಗ ಹಾಕುತ್ತಿದ್ದ ಹಾಗೆಯೇ.