ಮುಟ್ಟಬಾರದ ತಂತಿ

ಕಮಲಾಕರ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಮೇಲೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಪರವಾನಗಿ ಪಡೆದರು. ಸೆಟ್ಟನ್ನು ಕೊಂಡರು, ಆಂಟೆನಾ ಮಾತ್ರ ತಾವೇ ಮಾಡಬೇಕೆಂಬ ಹಟ. ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ಅರ್ಧ ದಿನ ಅಲೆದು ತಾಮ್ರದ ತಂತಿ ತಂದರು. ವೆಸ್ಟ್ ಮಾಂಬಲಂನ ಅವರ ಕಟ್ಟಡದ ತಾರಸಿಯ ಮೇಲೆ ಒಂದು ಸರ್ವೆ ಮರದ ಗಳ ನಿಲ್ಲಿಸಿ, ಅದರ ತುದಿಯಿಂದ ಎರಡು ಕಡೆಗೂ ಹತ್ತತ್ತು ಮೀಟರ್ ತಂತಿಯನ್ನು ಇಳಿಜಾರಾಗಿ ಎಳೆದು, ತುದಿಗಳನ್ನು ಪಿವಿಸಿ ಪೈಪಿನ ತುಂಡುಗಳಿಗೆ ಸಿಕ್ಕಿಸಿ, ಅಲ್ಲಿಂದ ನೈಲಾನ್ ಹಗ್ಗದಲ್ಲಿ ತಾರಸಿಯ ಮೋಟುಗೋಡೆಯ ಸರಳಿಗೆ ಬಿಗಿದರು. ನಡುವಿನಿಂದ ಒಂದು ಕೇಬಲ್ ಮೂರನೇ ಮಹಡಿಯ ಅವರ ಕೋಣೆಗೆ ಇಳಿಯಿತು. ಮೂರು ದಿನ ಇಂಚಿಂಚೇ ಕತ್ತರಿಸಿ ತಂತಿಯ ಉದ್ದ ಹೊಂದಿಸಿದರು.

ಎರಡನೇ ಮಹಡಿಯ ಗಿರಿಧರ ಕಟ್ಟಡದ ಅಸೋಸಿಯೇಷನ್ನಿನ ಕಾರ್ಯದರ್ಶಿ. ಮೊದಲ ದಿನವೇ ಮೇಲೆ ಬಂದು ನಿಂತ.

"ಏನ್ ಸಾರ್ ಇದು? ಪರ್ಮಿಷನ್ ಇದೆಯಾ? ರೇಡಿಯೇಷನ್ ಬರಲ್ವಾ?"

ಕಮಲಾಕರ ಪರವಾನಗಿ ತೋರಿಸಿದರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದುಕೊಂಡ. ಸಂಜೆಯೊಳಗೆ ಮೆಟ್ಟಿಲ ಬಳಿ ಒಂದು ನೋಟೀಸು ಅಂಟಿತ್ತು: ತಾರಸಿಯ ತಂತಿಯನ್ನು ಯಾರೂ ಮುಟ್ಟಕೂಡದು.

ಒಂದು ವಾರ ಎಲ್ಲ ಚೆನ್ನಾಗಿ ನಡೆಯಿತು. ಕಮಲಾಕರ ಬೆಳಿಗ್ಗೆ ಆರೂವರೆಗೆ ಕೂತರೆ ಹುಬ್ಬಳ್ಳಿಯ ಒಬ್ಬ ಡಾಕ್ಟರು ಪಕ್ಕದ ಕೋಣೆಯಲ್ಲಿದ್ದ ಹಾಗೆ ಕೇಳಿಸುತ್ತಿದ್ದರು. ಎರಡನೇ ವಾರ ಕೆಟ್ಟಿತು. ತಂತಿ ಸರಿಯಿದ್ದರೆ ಸೆಟ್ಟಿನ ಮೀಟರಿನ ಮುಳ್ಳು ಕೆಳಗೇ ಇರಬೇಕು. ಅದಕ್ಕೇನಾದರೂ ತಾಗಿದರೆ ಏರುತ್ತದೆ. ಈಗ ದಿನವೂ ಬೆಳಿಗ್ಗೆ ಏರುತ್ತಿತ್ತು, ಸಂಜೆ ನೋಡಿದರೆ ಸರಿಯಾಗಿರುತ್ತಿತ್ತು. ಸೆಟ್ಟಿನದೇ ದೋಷವೆಂದು ಎರಡು ದಿನ ಬಿಚ್ಚಿ ಕೂತರು. ಮೂರನೇ ದಿನ ಒಂಬತ್ತಕ್ಕೆ ಮೇಲೆ ಹೋದರೆ ಪೂರ್ವದ ತುದಿ ಒಂದು ಗೇಣು ಜೋತಿತ್ತು. ಹಗ್ಗದ ಗಂಟು ಅವರು ಹಾಕಿದ್ದಲ್ಲ.

"ಗಿರಿಧರನದೇ ಕೆಲಸ," ಎಂದರು ಹೆಂಡತಿಗೆ.

"ನೋಡದೆ ಯಾರ ಮೇಲೂ ಗೂಬೆ ಕೂರಿಸಬೇಡಿ," ಎಂದರು ಊರ್ಮಿಳಾ.

"ಮತ್ಯಾರು? ನೋಟೀಸು ಹಾಕಿ ಎಲ್ಲರನ್ನೂ ದೂರ ಇಟ್ಟಿದ್ದಾನೆ. ತಾನೊಬ್ಬನೇ ಹೋಗಿ ಆಡಿಸಬಹುದಲ್ಲ."

ಅಂದಿನಿಂದ ಗಿರಿಧರ ಮೆಟ್ಟಿಲಲ್ಲಿ ಸಿಕ್ಕರೆ ಕಮಲಾಕರರ ಕಣ್ಣು ಅವನ ಕೈಗೆ ಹೋಗುತ್ತಿತ್ತು. ಅವನು ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಅವರು ಗಂಟನ್ನು ಬಿಗಿದು ಬಂದರೆ ಮರುದಿನ ಅದು ಮತ್ತೆ ಬದಲಾಗಿರುತ್ತಿತ್ತು.

ಶುಕ್ರವಾರ ಆರೂ ಮುಕ್ಕಾಲಿಗೆ ಮುಳ್ಳು ಏರಿತು. ಕಮಲಾಕರರಿಗೆ ಮೈ ಉರಿಯಿತು. ದಿನವೂ ಇಪ್ಪತ್ತು ವ್ಯಾಟಿನಲ್ಲಿ ಮಾತಾಡುತ್ತಿದ್ದವರು ಗುಂಡಿ ತಿರುಗಿಸಿ ನೂರಕ್ಕೆ ತಂದರು. ತಂತಿಯ ತುದಿ ಹಿಡಿದವನಿಗೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಪರೀಕ್ಷೆಗೆ ಓದಿದ್ದರು. ಸಾಯುವುದಿಲ್ಲ, ಸುಡುತ್ತದೆ. ಚುರುಕು ಮುಟ್ಟಲಿ ಎಂದುಕೊಂಡು ಪ್ರಸಾರದ ಕೀ ಒತ್ತಿ ಹಿಡಿದರು. ಮುಳ್ಳು ನಡುಗಿತು, ತಟ್ಟನೆ ಕೆಳಗೆ ಬಿತ್ತು. ಸಿಕ್ಕಿದ! ಕಮಲಾಕರ ಚಪ್ಪಲಿಯನ್ನೂ ಹಾಕದೆ ಮೆಟ್ಟಿಲು ಹತ್ತಿದರು.

ತಾರಸಿಯಲ್ಲಿ ಗಿರಿಧರನ ತಾಯಿ ಗೋದಾಬಾಯಿ ನೀರಿನ ತೊಟ್ಟಿಗೆ ಒರಗಿ ಕುಳಿತಿದ್ದರು. ಎಪ್ಪತ್ತೆಂಟು ವರ್ಷದ ಹೆಂಗಸು. ಒದ್ದೆ ಸೀರೆಯೊಂದು ನೆಲಕ್ಕೆ ಬಿದ್ದಿತ್ತು, ಪಕ್ಕದಲ್ಲಿ ಬಟ್ಟೆ ಹರವುವ ಕೋಲು. ತೋರುಬೆರಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿಕೊಂಡಿದ್ದರು.

ಕಮಲಾಕರ ಕೈ ಹಿಡಿದು ನೋಡಲು ಬಗ್ಗಿದರು.

"ಮುಟ್ಟಬೇಡಪ್ಪಾ, ಮಡೀಲಿದೀನಿ."

"ಏನಾಯ್ತಮ್ಮಾ?"

"ಕೋಲು ಸಿಕ್ಕಿಹಾಕ್ಕೊಳ್ತು, ತಂತೀನ ಕೈಯಲ್ಲಿ ಎಳೆದೆ. ಚುರ್ ಅಂತು. ದಿನಾ ಏನೂ ಆಗ್ತಿರಲಿಲ್ಲ." ಬೆರಳಿನ ತುದಿಯಲ್ಲಿ ಕಡಲೆಕಾಳಿನಷ್ಟು ಬಿಳಿ ಕಲೆ. "ಗಿರೀಗೆ ಹೇಳಬೇಡ. ಮೇಲೆ ಈ ಮೊಟ್ಟೈಮಾಡಿಗೆ ಹತ್ತಬೇಡ ಅಂತ ಬೈತಾನೆ."

"ಇದೇ ತಂತಿ ಯಾಕಮ್ಮಾ? ಬೇರೆ ಹಗ್ಗ ಇತ್ತಲ್ಲ?"

"ಆ ಹಗ್ಗ ಊರೆಲ್ಲ ಮುಟ್ಟತ್ತೆ. ಇದನ್ನ ಯಾರೂ ಮುಟ್ಟಕೂಡದು ಅಂತ ಅವನೇ ಬರೆದು ಹಾಕಿದಾನೆ. ಮಡಿ ಸೀರೆಗೆ ಇದಕ್ಕಿಂತ ಒಳ್ಳೇದು ಎಲ್ಲಿ ಸಿಗತ್ತೆ?" ಎಂದರು. "ಬಿಸಿಲಿಗೆ ಎಂಟೂವರೆಗೆಲ್ಲ ಒಣಗತ್ತೆ, ಸೀರೆ ತೆಗೆಯೋವಾಗ ತಂತಿ ಜೋತಿದ್ರೆ ನಾನೇ ಎಳೆದು ಕಟ್ಟಿ ಹೋಗ್ತಿದ್ದೆ."

ಆಕೆ ಕೇಳಿದಂತೆ ಕಮಲಾಕರ ಸುಮ್ಮನಿದ್ದುಬಿಡಬಹುದಿತ್ತು. ಗೋದಾಬಾಯಿ ನಿಧಾನವಾಗಿ ಕೆಳಗಿಳಿದ ಮೇಲೆ ಅವರೂ ಇಳಿದು ಎರಡನೇ ಮಹಡಿಯ ಗಂಟೆ ಒತ್ತಿದರು. ಗಿರಿಧರ ಟವೆಲ್ ಹೊದ್ದೇ ಬಾಗಿಲು ತೆಗೆದ. ಅವರು ಎಲ್ಲವನ್ನೂ ಹೇಳಿದರು: ಮುಳ್ಳು, ಗಂಟು, ನೂರು ವ್ಯಾಟ್.

"ಬೇಕೂಂತಲೇ ಏರಿಸಿದ್ದು. ತಂತಿ ಹಿಡಿದಿರೋದು ನೀನೇ ಅಂತ ನಾನು ಅಂದುಕೊಂಡಿದ್ದೆ."

ಗಿರಿಧರ ಒಳಗೆ ತಾಯಿಯ ಕಡೆ ಒಮ್ಮೆ ತಿರುಗಿ ನೋಡಿದ.

"ನಾನಾಗಿದ್ರೆ ಸುಡಬಹುದಾಗಿತ್ತಾ ಸಾರ್?"

ಕಮಲಾಕರ ತಿರುಗಿ ಮೆಟ್ಟಿಲು ಹತ್ತಿದರು. ಅಂದೇ ತಂತಿಯನ್ನು ಬಿಚ್ಚಿ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದರು.

ಮೂರು ವಾರ ಕಳೆಯಿತು. ಬೆರಳು ಮಾಯಿತು. ಒಂದು ಭಾನುವಾರ ಗಿರಿಧರ ಬಂದು ಬಾಗಿಲಲ್ಲೇ ನಿಂತ. "ಅಮ್ಮ ದಿನಾ ಪ್ರಾಣ ತಿಂತಾಳೆ, ನನ್ನಿಂದ ಅವನ ರೇಡಿಯೊ ನಿಂತುಹೋಯ್ತು ಅಂತ. ಕಟ್ಟಿ. ಆದ್ರೆ ತುದಿ ಯಾರ ಕೈಗೂ ಸಿಗಬಾರದು."

ಇಬ್ಬರೂ ಸೇರಿ ಇನ್ನೆರಡು ಗಳ ನಿಲ್ಲಿಸಿದರು. ಗಿರಿಧರ ಏಣಿ ಹಿಡಿದಿದ್ದ. ಕಮಲಾಕರ ಹಾಕಿದ ಒಂದೊಂದು ಗಂಟನ್ನೂ ಜಗ್ಗಿ ನೋಡಿದ. ದೂರದ ಮೂಲೆಯಲ್ಲಿ ಗೋದಾಬಾಯಿಗೆಂದೇ ಒಂದು ಹಗ್ಗ ಎತ್ತರಕ್ಕೆ ಕಟ್ಟಿದರು.

"ಇನ್ನೊಂದು ಕಂಡೀಷನ್," ಎಂದ ಗಿರಿಧರ. "ಬೆಳಿಗ್ಗೆ ನಾನು ಮೇಲೆ ಹೋಗಿ ನೋಡಿ ಫೋನ್ ಮಾಡ್ತೀನಿ. ಆಮೇಲೆ ನೀವು ಸ್ವಿಚ್ ಹಾಕಬೇಕು. ನಿಮ್ಮನ್ನ ನಂಬಿ ಬಿಡೋಕಾಗಲ್ಲ ಸಾರ್."

ಕಮಲಾಕರ ಒಪ್ಪಿಕೊಂಡರು. ಈಗ ದಿನವೂ ಆರೂವರೆಗೆ ಸೆಟ್ಟಿನ ಮುಂದೆ ಕೈಕಟ್ಟಿ ಕೂರುತ್ತಾರೆ. ಫೋನ್ ಬರುತ್ತದೆ.

"ಯಾರೂ ಇಲ್ಲ," ಎನ್ನುತ್ತಾನೆ ಗಿರಿಧರ, "ನಾನು ಇಳಿಯೋವರೆಗೂ ತಡೀರಿ."