ಗರಿ ಸುಟ್ಟ ಮಂಗಳವಾರ

ಅಮೆರಿಕದ ವರ್ಮಾಂಟ್ ರಾಜ್ಯದ ಆಲ್ಡರ್ ಫಾಲ್ಸ್ ಎಂಬ ಊರಲ್ಲಿ ಕಾಗದದ ಗಿರಣಿ ಮುಚ್ಚಿದ ಚಳಿಗಾಲ, ಸೇಂಟ್ ಬಾರ್ನಬಸ್ ಚರ್ಚಿನ ಮೊದಲ ಪಾದ್ರಿ ನೆಲಮಾಳಿಗೆಯಲ್ಲಿ ಒಲೆ ಹೂಡಿ, ಕೆಲಸ ಕಳೆದುಕೊಂಡವರಿಗೆಲ್ಲ ದಪ್ಪ ದೋಸೆಯಂಥ ಪ್ಯಾನ್‌ಕೇಕ್ ಹುಯ್ದು ಬಡಿಸಿದನಂತೆ. ಅಂದಿನಿಂದ, ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಮುನ್ನಾದಿನವಾದ ಮಂಗಳವಾರ, ಆ ಊಟ ತಪ್ಪಿದ್ದಿಲ್ಲ. ಗಿರಣಿ ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಆ ಚರ್ಚಿನ ಎಪಿಸ್ಕೋಪಲ್ ಪಂಥದ ಮಂದಿ ಹಣ್ಣೆಲೆಯ ಹಾಗೆ ಒಬ್ಬೊಬ್ಬರಾಗಿ ಉದುರಿದರು. ಪ್ಯಾನ್‌ಕೇಕ್ ಮಾತ್ರ ಬೇಯುತ್ತಲೇ ಇತ್ತು.

ಈ ಸಲ ಅದಕ್ಕೂ ಕುತ್ತು ಬಂತು.

"ಇವತ್ತೂ ನಾವ್ ನಾವೇ ತಿಂದು ಎದ್ರೆ ಇದೇ ಕೊನೆ, ವಿನಿಫ್ರೆಡ್," ಎಂದ ಚರ್ಚಿನ ಹಿರಿಯ ಥರ್ಸ್ಟನ್, ನೆಲಮಾಳಿಗೆಯ ಒಲೆಯ ಬಳಿ ನಿಂತು. "ಊರಿಗೆ ಊಟ ಅಂತ ಹೆಸರು, ಉಣ್ಣೋರು ನಾವೇ."

"ಊರಿಗೆ ಹಸಿವಿಲ್ಲ ಅಂತೀಯಾ?"

"ಹಸಿವಿದ್ರೆ ಬರ್ತಿರ್ಲಿಲ್ವಾ?"

ಮದುವೆಯಾಗಿ ಬಂದಂದಿನಿಂದ ಈ ಊಟಕ್ಕೆ ಹಿಟ್ಟು ಕಲಸುತ್ತಿದ್ದ ವಿನಿಫ್ರೆಡ್ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು. 'ದೇವರೇ, ನಾಲ್ಕು ಹೊಟ್ಟೆ ಕಳಿಸು' ಎಂದುಕೊಂಡು ಇನ್ನೊಂದು ಕೆಲಸಕ್ಕೆ ಕೈಹಾಕಿದಳು. ಮರುದಿನ ಭಕ್ತರ ಹಣೆಗಿಡುವ ಬೂದಿಗೆ ಕಳೆದ ವರ್ಷ ಗರಿಗಳ ಭಾನುವಾರ ಹಂಚಿದ್ದ ತಾಳೆಗರಿ ಸುಡಬೇಕಿತ್ತು. ಅಂಗಳದಲ್ಲಿ ಸುಡುವುದು ವಾಡಿಕೆ. ಹೊರಗೆ ಹಿಮ ಬೀಸುತ್ತಿತ್ತು. ಬಾಣಲೆಯಲ್ಲಿ ಹಾಕಿ, ಪ್ಯಾನ್‌ಕೇಕ್ ಬೇಯುತ್ತಿದ್ದ ಕಾವಲಿಯ ಪಕ್ಕ ಒಲೆಯ ಮೇಲಿಟ್ಟಳು.

ಒಣಗರಿ ಭಗ್ಗೆಂದಿತು. ಹೊಗೆ ಸೂರಿಗೇರಿತು. ಅಪಾಯದ ಗಂಟೆ ಊರೆಲ್ಲ ಕೇಳುವಂತೆ ಕಿರುಚಿತು. ಅವಳು ಬಾಣಲೆಗೆ ಮುಚ್ಚಳ ಒತ್ತುವಷ್ಟರಲ್ಲಿ ಅಗ್ನಿಶಾಮಕ ಬಂಡಿ ಬಂದೇಬಿಟ್ಟಿತು. ಅದರ ಹಿಂದೆ ಅರ್ಧ ಊರು. ಫೆಬ್ರವರಿಯಲ್ಲಿ ನೋಡುವುದಕ್ಕೆ ಅಲ್ಲಿ ಇನ್ನೇನಿದೆ?

ಬಂಡಿಯ ಮುಖ್ಯಸ್ಥ ರೋಲಂಡ್ ದಡದಡನೆ ಕೆಳಗಿಳಿದ. "ಏನಮ್ಮಾ ಸುಡ್ತಿರೋದು?"

"ಪವಿತ್ರ ಗರಿ ಕಣಪ್ಪಾ."

"ಪವಿತ್ರವಾದ್ರೂ ಹೊಗೆ ಹೊಗೆನೇ!" ಎಂದವನ ಮೂಗು ಅರಳಿತು. "ಇದೇನು, ಬೆಣ್ಣೆ ವಾಸ್ನೆ?"

"ಪ್ಯಾನ್‌ಕೇಕು. ಪ್ರತಿ ವರ್ಷ ನಿಮಗೇ ಅಂತ ಮಾಡ್ತೀವಲ್ಲ."

"ನಮಗಾ? ಹುಟ್ಟಿದಾಗಿಂದ ಇದೇ ಬೀದೀಲಿದೀನಿ. ಅದು ನಿಮ್ಮ ಚರ್ಚಿನೋರ ಊಟ ಅಂದ್ಕೊಂಡಿದ್ವಿ. ಕರೀದೆ ಬಂದು ಕೂರೋಕೆ ನಮಗೇನು ಮಾನ ಇಲ್ವಾ?"

ವಿನಿಫ್ರೆಡ್ ಥರ್ಸ್ಟನ್‌ನತ್ತ ನೋಡಿದಳು. ಅವನು ಸೂರು ನೋಡಿದ. ಬಾಗಿಲು ತೆರೆದಿದೆ, ಬರುವವರು ಬರಲಿ. ಕೂಗಿ ಕರೆಯುವುದು ಬೀದಿಯಲ್ಲಿ ನಿಂತು ಸಾರುವ ಬ್ಯಾಪ್ಟಿಸ್ಟ್ ಪಂಥದವರ ಕೆಲಸ ಎನ್ನುವುದು ಇವರ ಮರ್ಯಾದೆ. ಪಕ್ಕದ ಮನೆಯವಳಿಗೂ ವಿನಿಫ್ರೆಡ್ ಒಮ್ಮೆಯೂ 'ಬಾ' ಎಂದಿರಲಿಲ್ಲ.

ಮೆಟ್ಟಿಲೇರಿ, ಹೊರಗೆ ನೆರೆದವರ ಎದುರು ಬಾಗಿಲಲ್ಲಿ ನಿಂತಳು. "ಊಟ... ಊಟಕ್ಕೆ..."

"ಏನಂತೆ? ಯಾರಿಗಾದ್ರೂ ಸುಟ್ಟಿತಾ?" ಎಂದರು ಜನ.

"ಯಾರಿಗೂ ಏನೂ ಆಗಿಲ್ಲ!" ಅವಳ ದನಿ ಒಡೆದು ಹೊರಬಂತು. "ಬಿಸಿಬಿಸಿ ಪ್ಯಾನ್‌ಕೇಕ್ ಇದೆ, ಬನ್ರಪ್ಪಾ ಒಳಗೆ! ನಿಮ್ಮನ್ನೇ ಕರೀತಿರೋದು!"

ಮುಂದಿದ್ದವರು ಹಿಂದಿದ್ದವರ ಮುಖ ನೋಡಿದರು. ಆಮೇಲೆ ಬೂಟಿನ ಹಿಮ ಕೊಡವುವ ಸದ್ದು ಶುರುವಾಯಿತು. ರೋಲಂಡ್ ಹೆಲ್ಮೆಟ್ ತೆಗೆದಿಟ್ಟು ಸಟ್ಟುಗ ಹಿಡಿದ. ಮೇಪಲ್ ಮರದ ಸಿಹಿ ಪಾಕದ ಜಾಡಿ ಮೇಜಿನಿಂದ ಮೇಜಿಗೆ ಓಡಾಡಿತು.

ಥರ್ಸ್ಟನ್ ಖಾಲಿ ಬೋಗುಣಿ ಹಿಡಿದು ಬಂದ. "ಹಿಟ್ಟು ಮುಗೀತು. ಇನ್ನೂ ಜನ ಇಳೀತಾನೇ ಇದಾರೆ!"

"ನಿಮ್ಮನೇದು ತಗೊಂಡ್ ಬಾ."

ಗೊಣಗುತ್ತ ಕೋಟು ತೊಟ್ಟು ಹೊರಟ. ಮೆಟ್ಟಿಲ ಮೇಲೆ ಹಿಂಜರಿದು ನಿಂತಿದ್ದ ಇಬ್ಬರಿಗೆ ಅವನು ಹೇಳಿದ್ದು ವಿನಿಫ್ರೆಡ್‌ಗೆ ಒಲೆಯ ಬಳಿಗೂ ಕೇಳಿಸಿತು:

"ಇಲ್ಲೇನ್ ನಿಂತಿದೀರಿ? ಒಳಗ್ ಬನ್ನಿ, ಜಾಗ ಇದೆ."